ಪೆಟ್ಟಿಗೆ ಎಣಿಸುವ ಊರಿನಲ್ಲಿ ಮಿಕ್ಸರಿನ ಲೆಕ್ಕ

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಮದುವೆಗೋ ಜಾತ್ರೆಗೋ ಡಿಜೆ ಗೊತ್ತುಮಾಡಲು ಹೋದವರು ಕೇಳುವ ಮೊದಲ ಮಾತು, ‘ಬೇಸ್ ಎಷ್ಟು ಅವ, ಟಾಪ್ ಎಷ್ಟು ಅವ?’ ಗುದ್ದುವ ದಪ್ಪ ಸದ್ದಿನ ಸ್ಪೀಕರ್ ಪೆಟ್ಟಿಗೆ ಬೇಸ್, ಸಣ್ಣ ಸದ್ದಿನದು ಟಾಪ್; ಬೇಸ್ ಪೆಟ್ಟಿಗೆ ಎಂಟಿದ್ದರೆ ಒಂದು ದರ, ಹದಿನಾರಿದ್ದರೆ ಇನ್ನೊಂದು. ಗಾಡಿ ಯಾವುದು, ಜನರೇಟರ್ ಯಾರದು, ಡೀಸೆಲ್ ಯಾರ ಲೆಕ್ಕ, ಬೆಳಕಿನ ಕೋಲು ಎಸೆಯುವ ಶಾರ್ಪಿ ಲೈಟ್ ಉಂಟೋ ಇಲ್ಲವೋ, ಇವೆಲ್ಲ ಚೌಕಾಸಿಗೆ ಬರುತ್ತವೆ. ಹಾಡು ಹಚ್ಚುವ ಯಂತ್ರ ಯಾವುದು, ಅದರ ಮುಂದೆ ನಿಲ್ಲುವ ಹುಡುಗನಿಗೆ ಏನು ಬರುತ್ತದೆ ಎಂದು ಕೇಳಿದವರು ಸಿಗುವುದು ಕಷ್ಟ.

ಡಿಜೆ ಬೇಕೋ ಬೇಡವೋ ಎಂಬ ಜಗಳ ಪ್ರತಿವರ್ಷ ಗಣಪತಿ ಹಬ್ಬದ ಹೊತ್ತಿಗೆ ಏಳುತ್ತದೆ, ವಿಸರ್ಜನೆಯ ಮರುದಿನ ತಣ್ಣಗಾಗುತ್ತದೆ. ಆ ಜಗಳದಲ್ಲೂ ಎರಡೂ ಪಕ್ಷದವರು ನೋಡುವುದು ಪೆಟ್ಟಿಗೆಗಳನ್ನೇ. ಆದರೆ ಹಾಡಿನ ವೇಗ, ಸರದಿ, ಸದ್ದಿನ ಮಟ್ಟ, ಎಲ್ಲಿ ನಿಲ್ಲಿಸಬೇಕು ಎಂಬುದು, ಇಷ್ಟೂ ತೀರ್ಮಾನವಾಗುವುದು ಗಾಡಿಯ ಹಿಂಬದಿಯಲ್ಲಿ, ಒಂದು ಸಣ್ಣ ಮೇಜಿನ ಮೇಲಿರುವ ಪ್ಲೇಯರ್ ಮತ್ತು ಮಿಕ್ಸರ್‌ನಲ್ಲಿ. ಈ ಯಂತ್ರಗಳು ಎಲ್ಲಿಂದ ಬಂದವು, ನಮ್ಮ ಕಡೆಯ ದೂಳು, ಬಿಸಿಲು, ಕರೆಂಟು, ತಾಳಗಳಿಗೆ ಎಷ್ಟು ಒಗ್ಗಿವೆ, ಯಾವುದಕ್ಕೆ ದುಡ್ಡು ಹಾಕಬೇಕು ಎಂಬುದನ್ನು ಇಲ್ಲಿ ನೋಡೋಣ.

ಜಗತ್ತಿನ ಡಿಜೆ ಚರಿತ್ರೆ ಶುರುವಾಗುವುದು ತಿರುಗುವ ತಟ್ಟೆಯಿಂದ. ಜಪಾನಿನ ಮತ್ಸುಶಿತಾ ಕಂಪನಿ ಟೆಕ್ನಿಕ್ಸ್ ಹೆಸರಿನಲ್ಲಿ 1972ರಲ್ಲಿ ಎಸ್‌ಎಲ್-1200 ಟರ್ನ್‌ಟೇಬಲ್ ಹೊರತಂದಿತು. ಬೆಲ್ಟ್ ಇಲ್ಲದೆ ಮೋಟಾರೇ ನೇರವಾಗಿ ತಟ್ಟೆ ತಿರುಗಿಸುವ ಆ ಯಂತ್ರ ಕೈಯಿಂದ ತಡೆದರೂ ಬಿಟ್ಟ ಕೂಡಲೇ ವೇಗಕ್ಕೆ ಬರುತ್ತಿತ್ತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಯುವಕ ಎರಡು ತಟ್ಟೆ ಇಟ್ಟುಕೊಂಡು ಹಾಡಿನ ಕುಣಿಯುವ ಭಾಗವನ್ನೇ ಹಿಗ್ಗಿಸಿ ನುಡಿಸಿದ ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟು ಎನ್ನುತ್ತಾರೆ. ಅದು ಕೋಣೆಯೊಳಗಿನ ಕಥೆ. ಸೂಜಿ ರೆಕಾರ್ಡಿನ ಗೀರಿನ ಮೇಲೆ ಕೂತಿರಬೇಕಾದರೆ ನೆಲ ಅಲುಗಬಾರದು. ಶಹಾಬಾದದಿಂದ ವಾಡಿಯ ಕಡೆ ಕಲ್ಲಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಅಂಥ ತಟ್ಟೆಯನ್ನು ಟ್ರ್ಯಾಕ್ಟರ್ ಮೇಲಿಟ್ಟು ಹೊರಟರೆ ಮೊದಲ ಗುಂಡಿಗೇ ಹಾಡು ಮುಗಿಯುತ್ತದೆ.

ಹಾಗಾಗಿ ನಮ್ಮ ಮೆರವಣಿಗೆಗೆ ಆ ಘಟ್ಟವೇ ಬರಲಿಲ್ಲ. ಮದುವೆ ಮನೆಯ ಮೈಕ್ ಸೆಟ್‌ನವರು ಗ್ರಾಮಫೋನ್ ಇಟ್ಟಿದ್ದರು, ಆಮೇಲೆ ಕ್ಯಾಸೆಟ್ ಬಂತು; ಅಹುಜಾ ಆಂಪ್ಲಿಫೈಯರ್, ಗಿಡಕ್ಕೋ ಮಾಳಿಗೆಗೋ ಕಟ್ಟಿದ ಹಾರ್ನ್. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಮೌನ ಇರುತ್ತಿತ್ತು. ಆ ಮೌನದಲ್ಲಿ ಮೈಕಿನವರು ‘ಊಟಕ್ಕ ಎಲ್ಲಾರೂ ಬರ್ರಿ’ ಎಂದು ಕೂಗುತ್ತಿದ್ದರು. ಮೆರವಣಿಗೆಯ ಸದ್ದು ಹಲಗಿಯವರದು, ಭಜಂತ್ರಿಯವರದು, ಬ್ಯಾಂಡಿನವರದು. ನಡೆಯುವ ಮನುಷ್ಯರೇ ನುಡಿಸುವವರಾಗಿದ್ದರಿಂದ ಅಲುಗಾಟದ ತೊಂದರೆ ಇರಲಿಲ್ಲ.

ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಅದನ್ನು ಡಿಜೆಗಳ ಕೈಗೆ ಒಗ್ಗಿಸಲು ಪಯೊನೀರ್ ಕಂಪನಿ 1994ರಲ್ಲಿ ಸಿಡಿಜೆ-500 ತಂದಿತು. ವೇಗ ಹೆಚ್ಚು ಕಡಿಮೆ ಮಾಡುವ ಸ್ಲೈಡರ್, ಬೆರಳಲ್ಲಿ ತಳ್ಳುವ ಚಕ್ರ, ವೇಗ ಬದಲಾದರೂ ಹಾಡುಗಾರನ ಶ್ರುತಿ ಬದಲಾಗದ ‘ಮಾಸ್ಟರ್ ಟೆಂಪೊ’ ಅದರಲ್ಲಿದ್ದವು. ಟೇಪಿನ ವೇಗ ಹೆಚ್ಚಿಸಿದರೆ ಹಾಡುಗಾರ್ತಿ ಗುಬ್ಬಚ್ಚಿಯಾಗುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು. 2001ರ ಸಿಡಿಜೆ-1000ದಲ್ಲಿ ಚಕ್ರವೇ ತಟ್ಟೆಯಂತೆ ವರ್ತಿಸತೊಡಗಿತು: ಹಿಡಿದರೆ ನಿಲ್ಲುತ್ತದೆ, ಹಿಂದೆ ತಿರುವಿದರೆ ಹಾಡು ಹಿಂದಕ್ಕೆ ಓಡುತ್ತದೆ. ಕ್ಲಬ್ಬುಗಳಲ್ಲಿ ಟರ್ನ್‌ಟೇಬಲ್ ಮೂಲೆ ಸೇರಲು ಇದೇ ಕಾರಣ. ಆದರೂ ಲೇಸರ್ ಕಣ್ಣು ತಿರುಗುವ ತಟ್ಟೆಯನ್ನೇ ಓದಬೇಕಿತ್ತು, ಗಾಡಿಯ ಮೇಲೆ ಹೆಜ್ಜೆ ತಪ್ಪುವ ಅಂಜಿಕೆ ಉಳಿದೇ ಇತ್ತು.

ನಮ್ಮ ಬೀದಿಗೆ ನಿಜವಾದ ತಿರುವು ತಂದದ್ದು ಪೆನ್‌ಡ್ರೈವ್. 2009ರಲ್ಲಿ ಬಂದ ಸಿಡಿಜೆ-2000 ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡಿನಿಂದ ಹಾಡು ಎತ್ತಿಕೊಳ್ಳುತ್ತಿತ್ತು. ಜೊತೆಗೆ ರೆಕಾರ್ಡ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಹಾಡುಗಳ ವೇಗ, ತಾಳದ ಗುರುತು, ಎಲ್ಲಿಂದ ಎತ್ತಬೇಕು ಎಂಬುದನ್ನು ಮನೆಯಲ್ಲೇ ತಯಾರಿಸಿಕೊಂಡು ಬರಬಹುದಿತ್ತು. 2020ರ ಸಿಡಿಜೆ-3000ದಲ್ಲಿ ಸಿ.ಡಿ. ಹಾಕುವ ಬಾಯೇ ಇಲ್ಲ. ತಿರುಗುವ ಭಾಗವಿಲ್ಲದ ಮೆಮೊರಿಗೆ ಗುಂಡಿ, ದಿಬ್ಬ, ರೈಲ್ವೆ ಗೇಟು ಯಾವುದೂ ಲೆಕ್ಕಕ್ಕಿಲ್ಲ. ಬೇರೆ ದೇಶಗಳಲ್ಲಿ ಡಿಜಿಟಲ್ ಪ್ಲೇಯರ್ ಕ್ಲಬ್ಬಿನೊಳಗೆ ಹಳೆಯ ಯಂತ್ರದ ಜಾಗಕ್ಕೆ ಬಂದು ಕೂತಿತು. ನಮ್ಮಲ್ಲಿ ಅದು ಯಾವ ಯಂತ್ರವೂ ಇಲ್ಲದಿದ್ದ ಜಾಗಕ್ಕೆ, ಚಲಿಸುವ ಗಾಡಿಗೆ ಬಂತು. ಮೆರವಣಿಗೆಯ ಡಿಜೆ ಪೆನ್‌ಡ್ರೈವಿನ ಕೂಸು.

ಹಾಗೆಂದು ನಮ್ಮ ಗಾಡಿಗಳ ಮೇಲೆ ಸಿಡಿಜೆ-3000 ಹುಡುಕಬೇಡಿ. ಒಂದು ಪ್ಲೇಯರಿಗೇ ಎರಡು ಲಕ್ಷ ರೂಪಾಯಿಗೂ ಮೇಲೆ; ಎರಡು ಪ್ಲೇಯರ್, ನಡುವೆ ಅದಕ್ಕೆ ತಕ್ಕ ಮಿಕ್ಸರ್ ಅಂದರೆ ಒಂದು ಹಳೆಯ ಟ್ರ್ಯಾಕ್ಟರ್ ಬೆಲೆ. ಅದು ಬೆಂಗಳೂರು, ಹೈದರಾಬಾದಿನ ಹೋಟೆಲು ಕ್ಲಬ್ಬುಗಳ ಸರಕು. ಇಲ್ಲಿ ರೂಢಿಯಲ್ಲಿರುವುದು ಕಂಟ್ರೋಲರ್: ಎರಡು ಚಕ್ರ, ನಡುವೆ ಮಿಕ್ಸರ್, ಎಲ್ಲ ಒಂದೇ ಹಲಗೆಯಲ್ಲಿ. ಅದಕ್ಕೆ ಸ್ವಂತ ಬುದ್ಧಿ ಇಲ್ಲ, ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಡಿಜೆ, ಸೆರಾಟೊ ಅಥವಾ ರೆಕಾರ್ಡ್‌ಬಾಕ್ಸ್ ಓಡುತ್ತಿರಬೇಕು. ಪಯೊನೀರ್‌ನ ಡಿಡಿಜೆ-400, ಅದರ ನಂತರದ ಡಿಡಿಜೆ-ಎಫ್‌ಎಲ್‌ಎಕ್ಸ್4, ನ್ಯೂಮಾರ್ಕ್‌ನ ಮಿಕ್ಸ್‌ಟ್ರ್ಯಾಕ್ ಈ ಬಗೆಯವು. ಎಫ್‌ಎಲ್‌ಎಕ್ಸ್4 ಮೂವತ್ತು ಸಾವಿರದ ಆಸುಪಾಸಿಗೆ ಸಿಗುತ್ತದೆ, ಮೊಬೈಲಿಗೂ ಜೋಡಿಸಬಹುದು. ನಡುವಿನ ದರ್ಜೆಯದು ಎಕ್ಸ್‌ಡಿಜೆ-ಆರ್‌ಎಕ್ಸ್ ಸಾಲಿನ ಯಂತ್ರಗಳು: ಪ್ಲೇಯರು, ಮಿಕ್ಸರು, ಪರದೆ ಎಲ್ಲ ಒಳಗೇ, ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು, ಲ್ಯಾಪ್‌ಟಾಪ್ ಬೇಡ. (ಪಯೊನೀರ್ ತನ್ನ ಡಿಜೆ ವ್ಯವಹಾರವನ್ನು ಎಂದೋ ಮಾರಿದೆ. ಈಗ ಅದನ್ನು ನಡೆಸುವ ಕಂಪನಿಯ ಹೆಸರು ಆಲ್ಫಾಥೀಟಾ, ಹೊಸ ಯಂತ್ರಗಳ ಮೇಲೂ ಅದೇ ಹೆಸರು ಬರುತ್ತಿದೆ. ಅಂಗಡಿಯಲ್ಲಿ ‘ಇದು ಡುಪ್ಲಿಕೇಟ್ ಇರಬೇಕು’ ಎಂದು ಅನುಮಾನಪಡಬೇಕಾಗಿಲ್ಲ.)

ಪರೀಕ್ಷೆ ನಡೆಯುವುದು ಕಂಪನಿಯ ಕಾಗದದ ಮೇಲಲ್ಲ, ಕಾಗಿಣಾ ದಂಡೆಯ ಈ ಊರುಗಳ ಗಾಳಿಯಲ್ಲಿ. ಶಹಾಬಾದದ ಸುತ್ತ ಪರಸಿ ಕಲ್ಲಿನ ಗಣಿ, ಪಾಲಿಶ್ ಮಾಡುವ ಕಾರ್ಖಾನೆಗಳು. ವಾಡಿಯಲ್ಲಿ, ಸೇಡಂನಲ್ಲಿ, ಮಳಖೇಡದಲ್ಲಿ ಸಿಮೆಂಟು. ಸುಣ್ಣಕಲ್ಲಿನ ಆ ನುಣುಪಾದ ಬಿಳಿ ದೂಳು ಎಲ್ಲಿಗೂ ನುಗ್ಗುತ್ತದೆ. ಮಿಕ್ಸರಿನ ಫೇಡರ್ ಎಂದರೆ ಸೀಳಿನಲ್ಲಿ ಮೇಲೆ ಕೆಳಗೆ ಜಾರುವ ಒಂದು ಗುಬಟು; ಆ ಸೀಳೇ ದೂಳಿಗೆ ಬಾಗಿಲು. ಒಳಗಿನ ಇಂಗಾಲದ ಪಟ್ಟಿಯ ಮೇಲೆ ದೂಳು ಕೂತರೆ ಫೇಡರ್ ಸರಿಸಿದಾಗ ‘ಚರ್ ಚರ್’ ಎನ್ನುತ್ತದೆ. ಇನ್ನಷ್ಟು ಕೂತರೆ ಫೇಡರನ್ನು ತಳಕ್ಕೆ ಎಳೆದರೂ ಹಾಡು ಸಣ್ಣಗೆ ಸೋರುತ್ತಲೇ ಇರುತ್ತದೆ. ಜಾಣ ಆಪರೇಟರ್ ಕೆಲಸ ಮುಗಿದ ರಾತ್ರಿಯೇ ಗುಬಟು ಕಿತ್ತು, ಪೇಂಟಿಂಗಿನ ಮೆದು ಬ್ರಶ್ಶಿನಿಂದ ಸೀಳು ಗುಡಿಸಿ, ಕಾಂಟ್ಯಾಕ್ಟ್ ಕ್ಲೀನರ್‌ನ ಒಂದು ಪುಸ್ ಹೊಡೆದು, ಗುಬಟನ್ನು ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ ಇಡುತ್ತಾನೆ. ಎಣ್ಣೆ ಬಿಡುವವರೂ ಇದ್ದಾರೆ. ಅದು ಯಂತ್ರಕ್ಕೆ ವಿಷ: ಎಣ್ಣೆಗೆ ದೂಳು ಅಂಟಿ ಹಿಟ್ಟಾಗುತ್ತದೆ. ಗುಲಾಲು, ಭಂಡಾರ ಹಾರುವ ದಿನ ಪಾರದರ್ಶಕ ಹಾಳೆಯ ಹೊದಿಕೆ ಇಲ್ಲದೆ ಯಂತ್ರ ಹೊರಗೆ ತೆಗೆಯಲೇಬಾರದು.

ಬಿಸಿಲಿನ ಮಾತು ಬೇರೆ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಅದರ ಹಿಂದೆಯೇ ಬಸವ ಜಯಂತಿ, ನಡುವೆ ಮದುವೆಗಳ ಸಾಲು. ಕಲಬುರಗಿ ಜಿಲ್ಲೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಹೊತ್ತಿಗೇ ಡಿಜೆ ಗಾಡಿಗೆ ಪುರುಸೊತ್ತಿಲ್ಲ. ತಗಡಿನ ಗಾಡಿಯಲ್ಲಿ ಇಟ್ಟ ಲ್ಯಾಪ್‌ಟಾಪ್ ಕಾದು ನಿಧಾನವಾಗುತ್ತದೆ, ಕೊನೆಗೆ ಆರಿಹೋಗುತ್ತದೆ. ಪರದೆಯ ಮೇಲೆ ಏನಿದೆ ಎಂದು ಬಿಸಿಲಲ್ಲಿ ಕಾಣುವುದೇ ಇಲ್ಲ. ಈ ವಿಷಯದಲ್ಲಿ ಲ್ಯಾಪ್‌ಟಾಪ್ ಇಲ್ಲದ ಯಂತ್ರ ಮೇಲು. ಆದರೆ ಜನರೇಟರಿನ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಬೇಸ್ ಜೋರಾಗಿ ಗುದ್ದಿದಾಗ ಸಣ್ಣ ಜನರೇಟರಿನ ವೋಲ್ಟೇಜ್ ಕುಸಿಯುತ್ತದೆ. ಒಂದು ಕ್ಷಣ ಕರೆಂಟ್ ಹೋದರೂ ಲ್ಯಾಪ್‌ಟಾಪ್ ಇಲ್ಲದ ಪ್ಲೇಯರ್ ಆರಿ, ಮತ್ತೆ ಎದ್ದು, ಪೆನ್‌ಡ್ರೈವ್ ಓದಿಕೊಂಡು ಹಾಡು ಹಚ್ಚುವಷ್ಟರಲ್ಲಿ ಕುಣಿಯುವವರು ‘ಏ ಹಚ್ಚೋ, ಏನಾತು!’ ಎಂದು ಗಾಡಿ ಬಡಿಯುತ್ತಿರುತ್ತಾರೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ, ಕಂಟ್ರೋಲರ್ ಅದರಿಂದಲೇ ಉಸಿರಾಡುತ್ತದೆ; ಹಾಡು ನಿಲ್ಲುವುದಿಲ್ಲ. ಹಾಗಾಗಿ ಪ್ಲೇಯರ್ ಇಟ್ಟವರು ಕಂಪ್ಯೂಟರಿಗೆ ಹಾಕುವಂಥ ಒಂದು ಸಣ್ಣ ಯು.ಪಿ.ಎಸ್. ಇಡುವುದು ಲೇಸು. ಡೆನಾನ್‌ನ ಪ್ರೈಮ್ ಗೋ, ಆಲ್ಫಾಥೀಟಾದ ಓಮ್ನಿಸ್-ಡ್ಯುಓ ಬ್ಯಾಟರಿ ಒಳಗಿಟ್ಟುಕೊಂಡೇ ಬಂದಿವೆ. ಅವುಗಳನ್ನು ಮಾಡಿದವರ ಮನಸ್ಸಿನಲ್ಲಿ ಕಡಲತೀರದ ಪಾರ್ಟಿ ಇದ್ದಿರಬಹುದು, ಆದರೆ ಅವು ಹೇಳಿಮಾಡಿಸಿದಂತಿರುವುದು ನಮ್ಮ ಮೆರವಣಿಗೆಗೆ.

ಇನ್ನು ಎರಡು ಸಣ್ಣ ಸಂಗತಿ. ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ಬಹಳಷ್ಟು ಪ್ಲೇಯರುಗಳು ಓದುವುದಿಲ್ಲ, ಫ್ಯಾಟ್32 ಇದ್ದರೆ ಒಳ್ಳೆಯದು. ಮದುವೆ ಮನೆಯವರು ಕೊನೇ ಗಳಿಗೆಯಲ್ಲಿ ಕೈಗೆ ತುರುಕುವ ಪೆನ್‌ಡ್ರೈವ್ ಓಡದಿರುವುದಕ್ಕೆ ಬಹಳ ಸಲ ಇದೇ ಕಾರಣ. ಇನ್ನೊಂದು, ಅಗ್ಗದ ಕಂಟ್ರೋಲರುಗಳಿಂದ ಹೊರಬರುವುದು ಆರ್‌ಸಿಎ ತಂತಿ, ಟಿವಿಯ ಕೆಂಪು ಬಿಳಿ ಪಿನ್ನು. ಆ ತಂತಿ ಉದ್ದವಾದಷ್ಟೂ ಜನರೇಟರಿನ ಗುಂಯ್‌ಗುಡುವಿಕೆಯನ್ನು ಹೀರಿಕೊಳ್ಳುತ್ತದೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತಂತಿಗೆ ಆ ಕಾಟ ಕಡಿಮೆ.

ಈಗ ತಾಳದ ವಿಷಯ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯಲ್ಲಿ ಹೆಚ್ಚು ಸ್ವಾರಸ್ಯ ಇಲ್ಲಿದೆ. ಡಿಜಿಟಲ್ ಪ್ಲೇಯರ್ ಹಾಡನ್ನು ಕೇಳುವುದಿಲ್ಲ, ಅಳೆಯುತ್ತದೆ. ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಎಣಿಸಿ, ಹಾಡಿನ ಉದ್ದಕ್ಕೂ ಸಮಾನ ಅಂತರದಲ್ಲಿ ಗೆರೆ ಎಳೆಯುತ್ತದೆ. ಸಿಂಕ್ ಗುಂಡಿ ಒತ್ತಿದರೆ ಎರಡು ಹಾಡಿನ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಕಂಪ್ಯೂಟರಿನಲ್ಲೇ ಹುಟ್ಟಿದ ಹಾಡಿಗೆ ಇದು ಸರಿ. ಹಾರ್ಮೋನಿಯಂ, ದಪ್ಪು, ಹಲಗಿ ಇಟ್ಟುಕೊಂಡು ಮನುಷ್ಯರು ಕೂತು ಹಾಡಿದ ಜನಪದ ಗೀತೆ ಹೀಗಿರುವುದಿಲ್ಲ. ಪಲ್ಲವಿ ಬಂದಾಗ ಹುರುಪಿಗೆ ಬಿದ್ದು ವೇಗ ಏರುತ್ತದೆ, ಚರಣದಲ್ಲಿ ಇಳಿಯುತ್ತದೆ. ಯಂತ್ರದ ಗೆರೆ ಮೊದಲ ನಿಮಿಷ ಸರಿ ಇದ್ದು ಮೂರನೆಯ ನಿಮಿಷಕ್ಕೆ ಎಲ್ಲೋ ಹೋಗಿರುತ್ತದೆ. ಇನ್ನೂ ತೊಡಕಿನದು ನಮ್ಮ ಮೂರರ ನಡೆ. ಕುಣಿತದ ಎಷ್ಟೋ ಹಾಡುಗಳು ಮೂರು ಮೂರು ಮಾತ್ರೆಗಳಲ್ಲಿ ತೂಗುತ್ತವೆ. ಹಾಡಿನ ತುಣುಕನ್ನು ಮತ್ತೆ ಮತ್ತೆ ನುಡಿಸುವ, ಯಂತ್ರದ ಲೂಪ್ ಗುಂಡಿಗಳಿಗೆ ಗೊತ್ತಿರುವುದು ನಾಲ್ಕು, ಎಂಟು, ಹದಿನಾರು. ಮೂರರ ಹಾಡಿಗೆ ನಾಲ್ಕರ ಲೂಪ್ ಹಾಕಿದರೆ ಕುಣಿಯುವವನ ಕಾಲು ತಾನೇ ತೊಡರುತ್ತದೆ. ಕಲಿತ ಆಪರೇಟರ್ ಅಂಥ ಹಾಡಿಗೆ ಸಿಂಕ್ ಬಿಟ್ಟು, ಒಂದು ಕಿವಿಗೆ ಹೆಡ್‌ಫೋನ್ ಒತ್ತಿ, ಚಕ್ರವನ್ನು ಬೆರಳಿನಿಂದ ತಳ್ಳಿ ಕೂಡಿಸುತ್ತಾನೆ.

ಕೂಡಿಸಲು ಬಾರದವರು ಇನ್ನೊಂದು ದಾರಿ ಕಂಡುಕೊಂಡರು: ಹಾಡನ್ನೇ ಯಂತ್ರಕ್ಕೆ ಒಗ್ಗಿಸುವುದು. ಬೆಲ್ಜಿಯಂ ಮೂಲದ ಎಫ್‌ಎಲ್ ಸ್ಟುಡಿಯೊ ತಂತ್ರಾಂಶದಲ್ಲಿ ಜನಪದ ಹಾಡಿನ ತುಣುಕುಗಳನ್ನು ಕತ್ತರಿಸಿ, ನಾಲ್ಕರ ಗುದ್ದಿನ ಮೇಲೆ ಕೂಡಿಸಿ, ನಡುನಡುವೆ ತನ್ನ ಹೆಸರು ಕೂಗಿಸಿ ‘ಡಿಜೆ ಮಿಕ್ಸ್’ ಎಂದು ಹರಿಬಿಡುವುದು. ಉತ್ತರ ಕರ್ನಾಟಕದಲ್ಲಿ ಇಂದು ಮೆರವಣಿಗೆಯಲ್ಲಿ ಕೇಳುವ ಹೆಚ್ಚಿನ ಜನಪದ ಹಾಡು ಈ ಗಿರಣಿಯಿಂದ ಬಂದದ್ದು. ಹಲಗಿಯೂ ಅದರಲ್ಲಿ ಉಂಟು, ಯಾರೋ ಒಮ್ಮೆ ಬಾರಿಸಿದ ತುಣುಕಾಗಿ. ಇದರಲ್ಲಿ ಕೆಲವು ಮಿಶ್ರಣಗಳು ನಿಜಕ್ಕೂ ಚೆನ್ನಾಗಿವೆ, ಬಹುಪಾಲು ಒಂದೇ ಅಚ್ಚಿನವು. ಇತ್ತೀಚೆಗೆ ಹಾಡಿನಿಂದ ದನಿ, ಡೋಲು, ಬೇಸುಗಳನ್ನು ಬೇರೆ ಬೇರೆ ಮಾಡುವ ಸ್ಟೆಮ್ ಸೌಲಭ್ಯ ವರ್ಚುವಲ್ ಡಿಜೆ, ಸೆರಾಟೊಗಳಲ್ಲಿ ಬಂದಿದೆ. ಹಾಡುಗಾರನ ದನಿಯನ್ನಷ್ಟೇ ಉಳಿಸಿಕೊಂಡು ಗಾಡಿಯ ಮುಂದೆ ನಿಜವಾದ ಹಲಗಿಯವರಿಂದ ಬಾರಿಸಲು ಇದರಿಂದ ಸಾಧ್ಯವಿದೆ. ಯಾವನಾದರೂ ಹುಡುಗ ಮಾಡಿ ತೋರಿಸಬೇಕು.

ಹಲಗಿ ಹೋಯಿತು, ಸನಾದಿ ಹೋಯಿತು ಎಂದು ಮರುಗುವವರು ಒಂದು ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಲಗಿ ಬಡಿಯುವುದು ಜಾತಿಯ ಮೇಲೆ ಹೇರಿದ ಕೆಲಸವಾಗಿತ್ತು. ಊರ ಮದುವೆಗೂ ಸಾವಿಗೂ ಕರೆ ಬಂದರೆ ಹೋಗಲೇಬೇಕಿತ್ತು, ಕೊಟ್ಟದ್ದಕ್ಕೆ ಕೈಯೊಡ್ಡಬೇಕಿತ್ತು. ಕಂಟ್ರೋಲರ್ ಮುಂದೆ ನಿಂತ ಹುಡುಗನಿಗೆ ಮುಂಗಡ ಕೊಟ್ಟು ತಾರೀಖು ಹಿಡಿಯಬೇಕು, ‘ಅಣ್ಣಾ, ಆ ಹಾಡ ಹಚ್ಚೋ’ ಎಂದು ಕೇಳಬೇಕು. ಹಲಗಿ ಉಳಿಯಬೇಕು ಎನ್ನುವವರು ಹಲಗಿಯವರಿಗೂ ಡಿಜೆಗೆ ಕೊಡುವಷ್ಟೇ ಹಣ, ಅಷ್ಟೇ ಮರ್ಯಾದೆ ಕೊಟ್ಟು ಮಾತಾಡಲಿ.

ಸಿಂಕ್ ಗುಂಡಿಯಿಂದ ಕಲೆ ಸತ್ತಿತು ಎಂಬ ದೂರು ಹೊರದೇಶಗಳಲ್ಲಿ ಬಹಳ. ನಮ್ಮ ಕಡೆ ಅದಕ್ಕೆ ಅಷ್ಟು ಬೆಲೆ ಕೊಡಬೇಕಿಲ್ಲ. ಇಲ್ಲಿ ಆಪರೇಟರಿನ ವಿದ್ಯೆ ಬೇರೆ ಕಡೆ ಇದೆ. ಶಹಾಬಾದದ ಒಂದೇ ಮೆರವಣಿಗೆಯಲ್ಲಿ ಕನ್ನಡ ಜನಪದ ಬೇಕು, ಹಿಂದಿ ಬೇಕು, ಅಂಬೇಡ್ಕರರನ್ನು ಹಾಡುವ ಮರಾಠಿ ಭೀಮ ಗೀತೆ ಬೇಕು. ಸೇಡಂ, ಚಿಂಚೋಳಿಗೆ ಹೋದರೆ ತಾಂಡೂರು, ಜಹೀರಾಬಾದಿನ ಗಾಳಿ ಬೀಸಿ ತೆಲುಗು ಬೇಕೇ ಬೇಕು. ತಾಂಡಾಗಳಲ್ಲಿ ಲಂಬಾಣಿ ಹಾಡಿಲ್ಲದೆ ಯಾರೂ ಹೆಜ್ಜೆ ಎತ್ತುವುದಿಲ್ಲ. ಯಾವ ಓಣಿಯಲ್ಲಿ ಯಾವುದು, ಯಾವುದರ ನಂತರ ಯಾವುದು ಎಂದು ತಿಳಿಯಲು ಜನರನ್ನು ಬಲ್ಲವನೇ ಬೇಕು.

ಅದಕ್ಕಿಂತ ದೊಡ್ಡ ವಿದ್ಯೆ ಸದ್ದು ಇಳಿಸುವುದು. ಆಜಾನ್ ಕೇಳಿದರೆ, ಆಂಬುಲೆನ್ಸ್ ಬಂದರೆ, ಆಸ್ಪತ್ರೆಯ ಗೇಟು ಎದುರಾದರೆ ಮಾಸ್ಟರ್ ಗುಬಟನ್ನು ಕೆಳಗೆ ಎಳೆಯುವ ಕೈ ಗಾಡಿಯ ಮೇಲೆ ಒಂದೇ ಇರುತ್ತದೆ. ಸುತ್ತ ನೂರು ಹುಡುಗರು ‘ಏರಿಸೋ’ ಎನ್ನುತ್ತಿರುವಾಗ ಇಳಿಸುವುದಕ್ಕೆ ಎದೆಗಾರಿಕೆ ಬೇಕು. ಮಿಕ್ಸರುಗಳಲ್ಲಿ ಟಾಕ್‌ಓವರ್ ಎಂಬ ಗುಂಡಿ ಇರುತ್ತದೆ, ಮೈಕಿನಲ್ಲಿ ಮಾತು ಬಂದ ಕೂಡಲೇ ಹಾಡು ತಾನಾಗಿ ತಗ್ಗುತ್ತದೆ. ಮೈಕನ್ನು ಊರ ಹಿರಿಯರ ಅಥವಾ ಪೊಲೀಸರ ಕೈಗೆ ಕೊಟ್ಟು ಆ ಗುಂಡಿ ಒತ್ತಿಟ್ಟರೆ ಎಷ್ಟೋ ಜಗಳ ಅಲ್ಲಿಗೇ ನಿಲ್ಲುತ್ತದೆ.

ಸದ್ದು ಹುಟ್ಟುವ ದಾರಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪ್ಲೇಯರಿನ ಹಾಡು ಮಿಕ್ಸರಿಗೆ ಬಂದು, ಗೇನ್ ಗುಬಟಿನಲ್ಲಿ ಮಟ್ಟ ಹಿಡಿದು, ಫೇಡರ್ ದಾಟಿ, ಮಾಸ್ಟರಿನಿಂದ ಆಂಪ್ಲಿಫೈಯರಿಗೆ ಹೋಗುತ್ತದೆ. ಮಿಕ್ಸರಿನ ದೀಪಗಳು ಹಸಿರು, ಹಳದಿ, ಕೆಂಪು. ಕೆಂಪು ಹತ್ತಿದರೆ ಸದ್ದು ಜೋರಾಯಿತೆಂದು ಹಿಗ್ಗುವವರೇ ಹೆಚ್ಚು. ನಿಜವಾಗಿ ಅಲ್ಲಿ ಅಲೆಯ ತಲೆ ಕತ್ತರಿಸಿ ಹೋಗುತ್ತಿರುತ್ತದೆ. ತಲೆ ಬೋಳಾದ ಅಲೆ ಟಾಪ್ ಪೆಟ್ಟಿಗೆಯೊಳಗಿನ ಡ್ರೈವರಿನ ತೆಳು ತಂತಿಸುರುಳಿಯನ್ನು ಕಾಯಿಸಿ ಸುಡುತ್ತದೆ, ಕೇಳುವವರ ಕಿವಿಗೆ ಗರಗಸವಾಗುತ್ತದೆ. ಯೂಟ್ಯೂಬಿನಿಂದ ಇಳಿಸಿಕೊಂಡು, ಮತ್ತೆ ಮತ್ತೆ ಎಂಪಿ3 ಮಾಡಿ ಸವೆದ ಹಾಡಾದರೆ ಇನ್ನೂ ಕೆಟ್ಟದು. ಆ ಕೊರತೆ ತುಂಬಲೆಂದು ಮತ್ತೆ ಸದ್ದು ಏರಿಸುತ್ತಾರೆ. ಪೆಟ್ಟಿಗೆ ಹೆಚ್ಚಿಸಿದರೂ ಸಿಗುವ ಲಾಭ ಅಂದುಕೊಂಡಷ್ಟಲ್ಲ: ಆಂಪ್ಲಿಫೈಯರಿನ ವಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ದುಡ್ಡೆಲ್ಲ ಡೀಸೆಲ್ ಹೊಗೆಯಾಗಿ ಹೋಗುವುದು ಹೀಗೆ.

ಶಹಾಬಾದದಂಥ ಊರಿಗೆ ಇನ್ನೊಂದು ತೊಂದರೆ ಉಂಟು. ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಳೆಯ ಓಣಿಗಳಲ್ಲಿ ಗೋಡೆ ಕಲ್ಲಿನದು, ನೆಲ ಪರಸಿಯದು, ಮಾಳಿಗೆಯೂ ಎಷ್ಟೋ ಕಡೆ ಅದೇ ಹಾಸುಗಲ್ಲಿನದು. ಕಲ್ಲು ಸದ್ದನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಬಯಲಿಗೆಂದು ಕಟ್ಟಿದ ಪೆಟ್ಟಿಗೆಗಳನ್ನು ಆ ಓಣಿಗೆ ತಂದರೆ ತೊಟ್ಟಿಲ ಕೂಸಿಗೂ ಹಾಸಿಗೆ ಹಿಡಿದ ಮುದುಕರಿಗೂ ತಪ್ಪಿಸಿಕೊಳ್ಳಲು ಜಾಗವಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಡೆಯಬಹುದು, ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧವಾಗುತ್ತದೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. 100 ಡೆಸಿಬೆಲ್ ಆದರೆ ಹದಿನೈದು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ತಾಣಗಳಿಗೆ ಹಾಕಿಕೊಟ್ಟ ಮಿತಿಯೂ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್. ಮೊದಲು ಕಿವಿ ಹೋಗುವುದು ಗಾಡಿಯ ಮೇಲೆ ರಾತ್ರಿಯಿಡೀ ನಿಂತ ಆಪರೇಟರಿನದು, ಅದನ್ನು ಯಾರೂ ಹೇಳುವುದಿಲ್ಲ.

ಕಾನೂನು ಹೊಸದೇನಲ್ಲ. ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಸರ್ಕಾರ ಬಯಸಿದರೆ ವರ್ಷಕ್ಕೆ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸಬಹುದು. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ರಾತ್ರಿಯ ಈ ನಿರ್ಬಂಧವನ್ನೇ ಬಿಗಿಯಾಗಿ ಹೇಳಿತು. ಜಿಲ್ಲಾಡಳಿತಗಳು ಹಬ್ಬಕ್ಕೆ ಮುಂಚೆ ಡಿಜೆ ನಿಷೇಧದ ಆದೇಶ ಹೊರಡಿಸುವುದು ವಾಡಿಕೆಯಾಗಿದೆ. ನೆರೆಯ ಹೈದರಾಬಾದಿನಲ್ಲಿ ಪೊಲೀಸರು 2024ರ ಅಕ್ಟೋಬರಿನಲ್ಲಿ ಧಾರ್ಮಿಕ ಮೆರವಣಿಗೆಗಳಿಗೆ ಡಿಜೆಯನ್ನೇ ನಿಷೇಧಿಸಿದರು. ಪೂರ್ತಿ ನಿಷೇಧ ನನಗೆ ಒಪ್ಪಿಗೆಯಿಲ್ಲ. ನಿಷೇಧದ ದಿನ ಗಾಡಿ ಪಕ್ಕದ ತಾಲ್ಲೂಕಿಗೆ ಹೋಗುತ್ತದೆ, ಮರುವಾರ ಅದೇ ಸದ್ದಿನೊಂದಿಗೆ ವಾಪಸು ಬರುತ್ತದೆ. ಪೆಟ್ಟಿಗೆಯ ಸಂಖ್ಯೆಗೆ ಮಿತಿ ಹಾಕುವುದೂ ಅರ್ಧ ಕೆಲಸ. ಮಿಕ್ಸರು ಮತ್ತು ಆಂಪ್ಲಿಫೈಯರಿನ ನಡುವೆ ಲಿಮಿಟರ್ ಎಂಬ ಸಾಧನ ಕೂರಿಸಿದರೆ ಗೊತ್ತುಮಾಡಿದ ಮಟ್ಟ ದಾಟಲು ಅದು ಬಿಡುವುದಿಲ್ಲ, ಮೇಲೆ ಯಾರು ಎಷ್ಟೇ ಕೂಗಲಿ. ಪರವಾನಗಿ ಕೊಡುವಾಗ ಅದನ್ನು ಹೊಂದಿಸಿ, ಮುದ್ರೆ ಒತ್ತಿ ಕಳಿಸುವುದು ಪೊಲೀಸ್ ಠಾಣೆಗೆ ಅಸಾಧ್ಯದ ಕೆಲಸವೇನಲ್ಲ.

ಹೊಸದಾಗಿ ಈ ಕಸುಬಿಗೆ ಇಳಿಯುವ ಹುಡುಗರಿಗೆ ನನ್ನ ಸಲಹೆ ಇಷ್ಟು: ಮೂವತ್ತು ಸಾವಿರದ ಕಂಟ್ರೋಲರ್ ಸಾಕು. ಉಳಿದ ದುಡ್ಡಿನಲ್ಲಿ ಇನ್ನೆರಡು ಬೇಸ್ ಕೊಳ್ಳುವ ಬದಲು ಲಿಮಿಟರ್, ಒಳ್ಳೆಯ ತಂತಿ, ಸಣ್ಣ ಯು.ಪಿ.ಎಸ್., ಕಿವಿಗೆ ಹಾಕುವ ಪ್ಲಗ್ ಕೊಳ್ಳಿ. ಮದುವೆಗೆ, ಜಯಂತಿಗೆ, ಗಣಪತಿಗೆ ಡಿಜೆ ಹಿಡಿಯುವವರಿಗೆ ಇನ್ನೊಂದು ಮಾತು: ಬೇಸ್ ಎಷ್ಟು ಎಂದು ಕೇಳುವ ಮೊದಲು ಆಪರೇಟರ್ ಯಾರು, ಲಿಮಿಟರ್ ಉಂಟೋ ಇಲ್ಲವೋ ಕೇಳಿ. ‘ಅದೇನ್ರಿ ಅದು?’ ಎಂದು ಆತ ತಿರುಗಿ ಕೇಳಿದರೆ ಮುಂಗಡ ಕೊಡದೆ ಬೇರೆ ಕಡೆ ನೋಡಿ.